ಹಳೆಯ ಸೈಕಲ್ಲಿಗೆ ಹೊಸ ಮೋಟಾರು

2022ರ ಫೆಬ್ರುವರಿಯಲ್ಲಿ ಒಂದು ವಿಡಿಯೊ ದೇಶದ ಫೋನುಗಳಲ್ಲೆಲ್ಲ ಹರಿದಾಡಿತು. ಗುರ್‌ಸೌರಭ್ ಸಿಂಗ್ ಎಂಬ ಯುವಕ ಮಾಮೂಲಿ ಸೈಕಲ್ಲಿನ ಪೆಡಲ್ ಬಳಿ ಒಂದು ಸಣ್ಣ ಯಂತ್ರವನ್ನು ಬಿಗಿದು, ಕಾಲಾಡಿಸದೆ ಸವಾರಿ ಮಾಡಿ ತೋರಿಸಿದ್ದರು. ಉದ್ಯಮಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿ ಟ್ವಿಟರಿನಲ್ಲಿ ಬರೆದ ಮೇಲೆ ಆ ವಿಡಿಯೊ ನಮ್ಮ ಕೋಟುಮಚಗಿಯ ಹುಡುಗರ ಕೈಗೂ ಬಂತು. ‘ಸರ, ನಮ್ಮ ಸೈಕಲ್ಲಿಗೂ ಹಿಂಗ ಮಾಡಾಕ ಬರ್ತದೇನ್ರಿ?’ ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಬರುತ್ತದೆ. ಆದರೆ ಮೋಟಾರು ಕೂಡಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಅದನ್ನು ತಾಳಿಕೊಳ್ಳುವಂತೆ ಸೈಕಲ್ಲನ್ನು ಅಣಿಗೊಳಿಸುವುದೇ ನಿಜವಾದ ಕೆಲಸ.

ಕಲ್ಪನೆಯೇನೂ ಹೊಸದಲ್ಲ. 1895ರ ಡಿಸೆಂಬರ್ 31ರಂದು ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ ಹಿಂದಿನ ಚಕ್ರದ ಗುಂಬದಲ್ಲೇ ಮೋಟಾರು ಅಡಗಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದಿದ್ದ. ಆತನ ಬ್ಯಾಟರಿ 10 ವೋಲ್ಟಿನದು. ಮೋಟಾರು 100 ಆಂಪಿಯರ್‌ವರೆಗೆ ಎಳೆಯಬಲ್ಲದಾಗಿತ್ತು. ಅಷ್ಟು ಕರೆಂಟು ಕೊಡುವ ಅಂದಿನ ಸೀಸದ ಬ್ಯಾಟರಿಯನ್ನು ಹೊತ್ತು ಸೈಕಲ್ ತುಳಿಯುವುದೆಂದರೆ ಏನೆಂದು ಓದುಗರೇ ಊಹಿಸಬಹುದು. ನೂರಿಪ್ಪತ್ತು ವರ್ಷಗಳಲ್ಲಿ ಬದಲಾದದ್ದು ಮುಖ್ಯವಾಗಿ ಮೂರು: ಬಲವಾದ ಕಾಯಂ ಅಯಸ್ಕಾಂತಗಳು ಬಂದವು, ಬ್ರಷ್ ಇಲ್ಲದೆ ಮೋಟಾರನ್ನು ತಿರುಗಿಸುವ ಎಲೆಕ್ಟ್ರಾನಿಕ್ಸ್ ಬಂತು, ಲಿಥಿಯಂ ಅಯಾನ್ ಬ್ಯಾಟರಿ ಬಂತು. ಈ ಬ್ಯಾಟರಿಗಾಗಿ ದುಡಿದ ಮೂವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಂದಿತು. ನಮ್ಮ ರಾಜ್ಯದಲ್ಲೇ ಸುರತ್ಕಲ್ಲಿನ ಎನ್‌ಐಟಿಕೆಯವರು 2021ರಲ್ಲಿ ಕುದುರೆಮುಖದ ಅರಣ್ಯ ಸಿಬ್ಬಂದಿಗಾಗಿ ಬಿಸಿಲಿನಿಂದ ಚಾರ್ಜ್ ಮಾಡಬಲ್ಲ ವಿದ್ಯುತ್ ಬೈಕ್ ರೂಪಿಸಿದ್ದುಂಟು. ಅದು ಕಾರ್ಯಾಗಾರದಲ್ಲಿ ಹೊಸದಾಗಿ ಕಟ್ಟಿದ ವಾಹನ. ನಾನು ಹೇಳಹೊರಟಿರುವುದು ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತಿರುವ ಸೈಕಲ್ಲಿನ ಮಾತು.

ಅಂಥ ಸೈಕಲ್ಲುಗಳಿಗೆ ನಮ್ಮಲ್ಲಿ ಬರವಿಲ್ಲ. 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಮಕ್ಕಳು ಕಾಲೇಜಿಗೆ, ಆಮೇಲೆ ನೌಕರಿಗೆ ಅಥವಾ ಗಂಡನ ಮನೆಗೆ ಹೋದರು. ಸೈಕಲ್ಲುಗಳು ಮಾತ್ರ ಊರಲ್ಲೇ ಉಳಿದವು.

ಸುತ್ತಲಿನ ಹಳ್ಳಿಗಳಿಗೆ ಸೈಕಲ್ ಮೇಲೆ ಟೋಸ್ಟ್, ಖಾರಿ, ಬ್ರೆಡ್ಡು ಮಾರುವವರೊಬ್ಬರು ನಮ್ಮಲ್ಲಿದ್ದಾರೆ. ವಯಸ್ಸು ಐವತ್ತು ದಾಟಿದೆ. ಎರಡೂ ಮೊಣಕಾಲು ಸವೆದಿವೆ. ತುಳಿಯುವುದು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ತುಳಿಯುವುದು ಬಿಟ್ಟರೆ ವ್ಯಾಪಾರ ನಿಂತಿತು. ಮೋಟಾರ್ ಸೈಕಲ್ ಕಲಿತವರಲ್ಲ, ಪರವಾನಗಿಯೂ ಇಲ್ಲ. ‘ಆಷಾಢದ ಗಾಳಿ ಎದುರಿಗೆ ಬಂತಂದ್ರ ಇಳದು ತಳ್ಳೋದ ಪಾಡ್ರೀ ಸರ’ ಎಂದು ಅವರು ಹೇಳಿದ ಮಾತನ್ನೇ ಹಿಡಿದು ನಮ್ಮ ಹತ್ತನೆಯ ತರಗತಿಯವರು ಲೆಕ್ಕಕ್ಕೆ ಕೂತರು.

ಸವಾರ 60 ಕಿಲೊ, ಸೈಕಲ್ 20 ಕಿಲೊ, ತಗಡಿನ ಪೆಟ್ಟಿಗೆ ಮತ್ತು ಸರಕು 20 ಕಿಲೊ. ಒಟ್ಟು ಒಂದು ಕ್ವಿಂಟಾಲ್. ಗಾಳಿಯಿಲ್ಲದ ದಿನ ಸಪಾಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 20 ಕಿಲೊಮೀಟರ್ ವೇಗದಲ್ಲಿ ಹೋಗಲು ಸುಮಾರು 100 ವ್ಯಾಟ್ ಸಾಕು. ಗಾಳಿಯನ್ನು ಸೀಳುವುದಕ್ಕೆ ಅರವತ್ತು, ಟೈರು ಉರುಳುವುದಕ್ಕೆ ನಲವತ್ತು ಎಂದಿಟ್ಟುಕೊಳ್ಳಿ. ಸಾಧಾರಣ ಆರೋಗ್ಯದ ಮನುಷ್ಯ ತಾಸುಗಟ್ಟಲೆ ಕೊಡಬಲ್ಲ ಶಕ್ತಿ ಹೆಚ್ಚುಕಡಿಮೆ ಇಷ್ಟೇ. ಈಗ ಎದುರಿನಿಂದ ಗಂಟೆಗೆ 20 ಕಿಲೊಮೀಟರ್ ವೇಗದ ಗಾಳಿ ಬೀಸಲಿ. ಗದಗ ಸೀಮೆಯವರಿಗೆ ಅದು ದೊಡ್ಡ ಗಾಳಿಯಲ್ಲ; ಇಲ್ಲಿ ಗಾಳಿಯಂತ್ರ ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಅದೇ ವೇಗದಲ್ಲಿ ಹೋಗಬೇಕಾದರೆ ಈಗ ಬೇಕಾಗುವುದು ಸುಮಾರು 290 ವ್ಯಾಟ್. ಮೂರು ಪಟ್ಟು! ಮೈಗೆ ಬಡಿಯುವ ಗಾಳಿಯ ವೇಗ ಇಮ್ಮಡಿಯಾದರೆ ಅದು ಒಡ್ಡುವ ತಡೆ ನಾಲ್ಮಡಿಯಾಗುವುದೇ ಇದಕ್ಕೆ ಕಾರಣ. ಆದರೆ ಸೈಕಲ್ಲಿನ ವೇಗವನ್ನು 20ರಿಂದ 15ಕ್ಕೆ ಇಳಿಸಿ ನೋಡಿ, 175 ವ್ಯಾಟಿನಲ್ಲಿ ಕೆಲಸ ಮುಗಿಯುತ್ತದೆ.

ಈ ಲೆಕ್ಕ ಬೋರ್ಡಿನ ಮೇಲೆ ಮೂಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ನಮ್ಮ ಮನುಷ್ಯನಿಗೆ ಬೇಕಾದದ್ದು ವೇಗವಲ್ಲ. ಗಾಳಿಗೆ, ಏರಿಗೆ ಎದುರಾಗಿ 15 ಕಿಲೊಮೀಟರಿನಲ್ಲಿ ಸಾವಕಾಶ ಹೋಗುವ ಬಲ. 250 ವ್ಯಾಟಿನ ಚಿಕ್ಕ ಮೋಟಾರು ಅದಕ್ಕೆ ಧಾರಾಳ. ಅಂಗಡಿಯವರು ‘ಐನೂರರದ್ದು ತಗೊಳ್ರಿ, ಹಾರ್ತದ’ ಎನ್ನುತ್ತಾರೆ. ಹಾರುವುದೇನೋ ನಿಜ.

ಮೋಟಾರಿನಲ್ಲಿ ಎರಡು ಬಗೆ. ಒಂದರಲ್ಲಿ ಚಕ್ರದ ನಡುವಿನ ಡಬ್ಬಿಯೇ ನೇರವಾಗಿ ತಿರುಗುತ್ತದೆ; ಅದು ಭಾರ, ಬ್ಯಾಟರಿ ಮುಗಿದರೆ ತುಳಿಯುವುದೂ ಭಾರ. ಇನ್ನೊಂದರ ಹೊಟ್ಟೆಯಲ್ಲಿ ಪುಟ್ಟ ಗೇರುಗಳಿವೆ, ಫ್ರೀವೀಲ್ ಇದೆ. ಕರೆಂಟು ಇಲ್ಲದಾಗ ಮಾಮೂಲಿ ಸೈಕಲ್ಲಿನಂತೆ ಹಗುರವಾಗಿ ಉರುಳುತ್ತದೆ. ನಮಗೆ ಎರಡನೆಯದೇ ಸರಿ. ಎರಡರ ಒಳಗೂ ನಡೆಯುವುದು ಹತ್ತನೆಯ ತರಗತಿಯಲ್ಲಿ ಬೆರಳು ಮಡಚಿ ಕಲಿಸುವ ಫ್ಲೆಮಿಂಗನ ಎಡಗೈ ನಿಯಮವೇ. ಕಂಟ್ರೋಲರ್ ಎಂಬ ಡಬ್ಬಿ ಯಾವ ಸುರುಳಿಗೆ ಯಾವಾಗ ಕರೆಂಟು ಕೊಡಬೇಕೆಂದು ನಿರ್ಧರಿಸುತ್ತದೆ, ಅಷ್ಟೆ.

ಇನ್ನು ತಾಪತ್ರಯದ ಭಾಗ. ಕಿಟ್ ಜೊತೆ ಬರುವ ಚಕ್ರದ ಮೇಲೆ ‘28’ ಅಥವಾ ‘26’ ಇಂಚು ಎಂದಿರುತ್ತದೆ. ನಮ್ಮ ಸೈಕಲ್ಲೂ ‘28’ ಅಥವಾ ‘26’. ಆದರೆ ಎರಡೂ ಒಂದೇ ಅಲ್ಲ. ನಮ್ಮ ದೊಡ್ಡ ಕರಿ ಸೈಕಲ್ಲಿನ 28ರ ರಿಮ್ಮಿನಲ್ಲಿ ಟೈರು ಕೂರುವ ಅಂಚಿನ ವ್ಯಾಸ 635 ಮಿಲಿಮೀಟರ್. ಕಿಟ್‌ನ 28 ಎಂದರೆ ಬಹಳ ಸಲ 622. 26ರಲ್ಲಂತೂ 590, 584, 559 ಎಂದು ಮೂರು ಬಗೆ. ಟೈರಿನ ಬದಿಯಲ್ಲಿ 37-590 ಎಂಬಂಥ ಅಂಕಿ ಅಚ್ಚಾಗಿದ್ದರೆ ಎರಡನೆಯದೇ ಈ ವ್ಯಾಸ. ಕೊಳ್ಳುವ ಮೊದಲು ಅದನ್ನು ಓದಿಕೊಳ್ಳಬೇಕು. ಕರಿ ಸೈಕಲ್ಲಿನ ರಿಮ್ಮುಗಳಿಗೆ ಮುಂದೆ 32, ಹಿಂದೆ 40 ಕಡ್ಡಿ. ಮೋಟಾರಿನ ಡಬ್ಬಿಗಳಿಗೆ ಸಾಮಾನ್ಯವಾಗಿ 36 ತೂತು. ಅದರ ಸರಳಿನ ಬ್ರೇಕು ರಿಮ್ಮಿನ ಒಳಮೈಯನ್ನು ಒತ್ತುವಂಥದ್ದು, ಬೇರೆ ಆಕಾರದ ರಿಮ್ಮಿಗೆ ಅದು ಒಗ್ಗುವುದಿಲ್ಲ. ಕರಿ ಸೈಕಲ್ಲನ್ನೇ ನೆಚ್ಚಿದವರಿಗೆ ಚಕ್ರದ ತಂಟೆಗೆ ಹೋಗದೆ ಚೈನನ್ನು ಎಳೆಯುವ ಬಗೆಯ ಮೋಟಾರೇ ಮೇಲು.

ಟೋಸ್ಟ್ ಮಾರುವವರದೂ ಕರಿ ಸೈಕಲ್ಲೇ ಆಗಿತ್ತು. ಆದರೆ ಅವರ ಮಗಳಿಗೆ ಬಂದಿದ್ದ ಶಾಲೆಯ ಸೈಕಲ್ ಮನೆಯಲ್ಲಿ ಖಾಲಿ ನಿಂತಿತ್ತು. ಹೆಣ್ಣುಮಕ್ಕಳ ಸೈಕಲ್ಲಾದ್ದರಿಂದ ನಡುವೆ ಅಡ್ಡ ಪೈಪು ಇಲ್ಲ. ಮೊಣಕಾಲು ನೋವಿನವರು ಕಾಲೆತ್ತಿ ಹಾಯಿಸಬೇಕಾಗಿಲ್ಲ. ‘ಹೆಣ್ಮಕ್ಕಳ ಸೈಕಲ್ಲು’ ಎಂದು ಅವರು ಎರಡು ದಿನ ಸಂಕೋಚಪಟ್ಟರು. ಮೂರನೆಯ ದಿನ ಒಪ್ಪಿದರು. ಮೋಟಾರು ಮಾತ್ರ ತರಿಸಿ, ಅದೇ ಅಳತೆಯ 36 ತೂತಿನ ರಿಮ್ ಹುಡುಕಿ, ನಮ್ಮೂರ ಸೈಕಲ್ ರಿಪೇರಿಯವರ ಕೈಯಲ್ಲಿ ಕಡ್ಡಿ ಕಟ್ಟಿಸಿದೆವು. ಮೋಟಾರಿನ ಡಬ್ಬಿ ದಪ್ಪವಾದ್ದರಿಂದ ಕಡ್ಡಿಗಳು ಗಿಡ್ಡವಿರಬೇಕು. ಒಂದೊಂದನ್ನೂ ಅಳೆದು ಕತ್ತರಿಸಿ ಮರೆ ಹಾಕಿದರು. ಆ ಕೆಲಸ ಪುಸ್ತಕ ಓದಿ ಬರುವುದಲ್ಲ. ಇಡೀ ಯೋಜನೆಯಲ್ಲಿ ಬಿಎಸ್ಸಿಗಿಂತ ಹೆಚ್ಚು ಬೆಲೆ ಬಂದದ್ದು ಅವರ ಬೆರಳುಗಳಿಗೆ.

ಮುಂದಿನದು ಎಲ್ಲರೂ ಅಲಕ್ಷಿಸುವ ಸಂಗತಿ. ಮಾಮೂಲಿ ಚಕ್ರದ ಅಚ್ಚು ಸುಮ್ಮನೆ ಕೂತಿರುತ್ತದೆ, ಚಕ್ರ ಅದರ ಸುತ್ತ ತಿರುಗುತ್ತದೆ. ಮೋಟಾರು ಚಕ್ರದಲ್ಲಿ ಹಾಗಲ್ಲ. ಚಕ್ರವನ್ನು ಮುಂದಕ್ಕೆ ತಳ್ಳುವಾಗ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಅಚ್ಚಿನ ಎರಡು ಮಗ್ಗುಲನ್ನು 10 ಮಿಲಿಮೀಟರಿಗೆ ಚಪ್ಪಟೆ ಮಾಡಿರುತ್ತಾರೆ. ಫೋರ್ಕಿನ ಸಂದು ಅದನ್ನು ಹಿಡಿದುಕೊಳ್ಳಬೇಕು. ಮೋಟಾರಿನ ತಿರುಚುಬಲ 30 ನ್ಯೂಟನ್-ಮೀಟರ್ ಎಂದಾದರೆ, ಒಂದು ಸೆಂಟಿಮೀಟರ್ ಅಂತರದಲ್ಲಿ ಅದು 3000 ನ್ಯೂಟನ್ ಆಗುತ್ತದೆ. ಮೂರು ಚೀಲ ಕಡಲೆಯ ಭಾರ ಫೋರ್ಕಿನ ತೆಳು ತುಟಿಯನ್ನು ಅಗಲಿಸುತ್ತಿದೆ ಎಂದು ಭಾವಿಸಿ. ತುಟಿ ಬಿಚ್ಚಿತೋ, ಅಚ್ಚು ಗರ್ರನೆ ತಿರುಗಿ ವೈರು ಹರಿದು, ಮುಂದಿನ ಚಕ್ರ ಕಳಚಿ ಬೀಳುತ್ತದೆ.

ಪರಿಹಾರ ಅಜ್ಜಂದಿರ ಕಾಲದ ಸನ್ನೆಕೋಲು. ಅಚ್ಚಿಗೆ ಗಟ್ಟಿಯಾಗಿ ಕೂರುವ ಉಕ್ಕಿನ ಪಟ್ಟಿಯೊಂದನ್ನು ಹಾಕಿ, ಅದರ ಇನ್ನೊಂದು ತುದಿಯನ್ನು ಹತ್ತು ಸೆಂಟಿಮೀಟರ್ ಮೇಲೆ ಫೋರ್ಕಿನ ಕಾಲಿಗೆ ಬಿಗಿದರೆ ಅದೇ ಬಲ 300 ನ್ಯೂಟನ್ನಿಗೆ, ಅಂದರೆ ಮೂವತ್ತು ಕಿಲೊ ಭಾರಕ್ಕೆ ಇಳಿಯುತ್ತದೆ. ಇದಕ್ಕೆ ಟಾರ್ಕ್ ಆರ್ಮ್ ಎನ್ನುತ್ತಾರೆ. ಅಗ್ಗದ ಕಿಟ್‌ಗಳಲ್ಲಿ ಇದು ಇರುವುದೇ ಇಲ್ಲ. ನಾವು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪಟ್ಟಿಯಿಂದ ಎರಡು ಮಾಡಿಸಿ ಎರಡೂ ಬದಿಗೆ ಹಾಕಿದೆವು. ಫೋರ್ಕಿನ ಸಂದನ್ನು ಅರದಿಂದ ಉಜ್ಜಿ ಅಗಲಿಸಬೇಕಾಗುತ್ತದೆ. ಅದನ್ನು ಬೇಕಾದಷ್ಟೇ, ಎರಡೂ ಕಡೆ ಸಮನಾಗಿ ಮಾಡಬೇಕು. ಅಲ್ಯೂಮಿನಿಯಂ ಫೋರ್ಕಿಗೆ ಮೋಟಾರು ಹಾಕುವ ಯೋಚನೆಯೇ ಬೇಡ. ಅದು ಬಾಗದೆ ಒಮ್ಮೆಲೇ ಮುರಿಯುತ್ತದೆ.

ಬ್ರೇಕಿನ ಮಾತು. 15ರ ವೇಗದಲ್ಲಿರುವ ಒಂದು ಕ್ವಿಂಟಾಲಿನ ಚಲನಶಕ್ತಿ 870 ಜೂಲ್, 25ರ ವೇಗದಲ್ಲಿ 2400. ನಿಲ್ಲಿಸಬೇಕಾದ ಶಕ್ತಿ ಮೂರು ಪಟ್ಟಿಗೆ ಹತ್ತಿರ. ಹೊಳೆಯುವ ಉಕ್ಕಿನ ರಿಮ್ ನೆನೆದರೆ ರಬ್ಬರು ಅದರ ಮೇಲೆ ಜಾರುತ್ತದೆ ಎಂಬುದು ಮಳೆಯಲ್ಲಿ ಸೈಕಲ್ ಹೊಡೆದವರಿಗೆಲ್ಲ ಗೊತ್ತು. ಆದ್ದರಿಂದ ಹೊಸ ರಬ್ಬರು, ಹೊಸ ಕೇಬಲ್, ಮತ್ತು ಬ್ರೇಕು ಹಿಡಿದ ಕ್ಷಣ ಮೋಟಾರಿನ ಕರೆಂಟು ಕಡಿಯುವ ಸ್ವಿಚ್ಚಿನ ಹಿಡಿಕೆ. ಕೆಲವರು ಕಿಟ್‌ನಲ್ಲಿ ಬಂದ ಈ ಹಿಡಿಕೆಗಳನ್ನು ‘ಹಳೇವ ಚಲೋ ಅದಾವ’ ಎಂದು ಹಾಗೇ ಎತ್ತಿಡುತ್ತಾರೆ. ಹಾಗೆ ಮಾಡಬಾರದು. ನಾನು ವೇಗದ ಮಿತಿಯನ್ನು 18ಕ್ಕೆ ಕಟ್ಟಿಸಿದ್ದೇನೆ. ಬಿಡಿಸಿಕೊಡಿ ಎಂದು ಅವರು ಎರಡು ಸಲ ಕೇಳಿದರು, ಒಪ್ಪಲಿಲ್ಲ.

ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ಗುಣಿಸಿದರೆ 360 ವ್ಯಾಟ್-ಅವರ್, ಒಂದು ಯೂನಿಟ್ಟಿನ ಮೂರನೇ ಒಂದಕ್ಕಿಂತ ತುಸು ಹೆಚ್ಚು. ತುಸು ತುಳಿಯುತ್ತ ಹೋದರೆ ಕಿಲೊಮೀಟರಿಗೆ ಸುಮಾರು 10 ವ್ಯಾಟ್-ಅವರ್ ಹಿಡಿಯುತ್ತದೆ. ಅವರ ದಿನದ ಇಪ್ಪತ್ತೈದು ಕಿಲೊಮೀಟರ್ ತಿರುಗಾಟಕ್ಕೆ ಸಾಕು. ಲೀಟರಿಗೆ 60 ಕಿಲೊಮೀಟರ್ ಕೊಡುವ ಗಾಡಿ ಅದೇ ಒಂದು ಕಿಲೊಮೀಟರಿಗೆ ಸುಡುವ ಪೆಟ್ರೋಲಿನಲ್ಲಿ 150 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ಮೂರರಲ್ಲಿ ಎರಡು ಪಾಲು ಶಕ್ತಿ ಬಿಸಿಯಾಗಿ ಹೋಗುತ್ತದೆಂದು ಹಿಡಿದರೂ ಸೈಕಲ್ ಐದು ಪಟ್ಟು ಮಿತವ್ಯಯಿ.

ಆದರೆ ಮಿತವ್ಯಯದ ಹೆಸರಲ್ಲಿ ಹಳೆಯ ಸೆಲ್ಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರುವ ಬ್ಯಾಟರಿ ತರಬಾರದು. ಪ್ರತಿ ಸೆಲ್ಲನ್ನೂ ಕಾಯುವ ಬಿಎಂಎಸ್ ಎಂಬ ಸರ್ಕೀಟು, ಅದಕ್ಕೇ ಹೊಂದುವ ಚಾರ್ಜರು, ಬ್ಯಾಟರಿಯ ಬುಡದಲ್ಲೇ ಫ್ಯೂಸು, ಈ ಮೂರು ಇರಲೇಬೇಕು. ಏರಿನಲ್ಲಿ 15 ಆಂಪಿಯರ್ ಹರಿಯುವ ದಾರಿಗೆ ಡೋರ್ ಬೆಲ್ಲಿನ ವೈರು ಹಾಕಿದರೆ ಅದು ಹೀಟರ್ ಆಗುತ್ತದೆ. ಚಾರ್ಜ್ ಮಾಡುವುದು ಎಚ್ಚರವಿದ್ದಾಗ, ಮೇವು ಹೊಟ್ಟು ಇಲ್ಲದ ಜಾಗದಲ್ಲಿ. ಹೆಸ್ಕಾಂ ಕರೆಂಟು ರಾತ್ರಿ ಚೆನ್ನಾಗಿರುತ್ತದೆಂದು ತಲೆದೆಸೆಯಲ್ಲಿಟ್ಟು ಮಲಗುವುದು ಬೇಡ.

ಕಾನೂನು ಸರಳ. ಕೇಂದ್ರದ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಅರ್ಧ ಗಂಟೆಯ ಸಾಮರ್ಥ್ಯ 250 ವ್ಯಾಟಿಗಿಂತ ಕಡಿಮೆ, ವೇಗ 25 ಕಿಲೊಮೀಟರಿಗಿಂತ ಕಡಿಮೆ ಇದ್ದು, ಪುಣೆಯ ಎಆರ್‌ಎಐನಂಥ ಮಾನ್ಯ ಪರೀಕ್ಷಾ ಸಂಸ್ಥೆಯ ದೃಢೀಕರಣವಿದ್ದರೆ ಅದು ಮೋಟಾರು ವಾಹನ ಎನಿಸುವುದಿಲ್ಲ. ಕೊಳ್ಳುವಾಗ ಆ ಕಾಗದ ಕೇಳಿ. ಹಾರುವ ಐನೂರು ವ್ಯಾಟಿನದು ಈ ರಿಯಾಯಿತಿಗೆ ಹೊರಗು.

ಖರ್ಚು? ಒಳ್ಳೆಯ ಬ್ಯಾಟರಿಯೂ ಸೇರಿ ಹದಿನೈದರಿಂದ ಇಪ್ಪತ್ತೈದು ಸಾವಿರ. ಅದರಲ್ಲಿ ಅರ್ಧಕ್ಕೂ ಮಿಕ್ಕಿದ್ದು ಬ್ಯಾಟರಿಯದೇ, ಕೆಲವು ವರ್ಷಕ್ಕೆ ಅದನ್ನು ಬದಲಿಸಲೂ ಬೇಕು. ಪರವಾನಗಿ ಇರುವ, ಕಾಲು ಗಟ್ಟಿಯಿರುವ ಹುಡುಗರಿಗೆ ಇದು ಲಾಭದ ಬಾಬತ್ತಲ್ಲ, ಅವರು ತುಳಿಯಲಿ. ಟೋಸ್ಟ್ ಮಾರುವವರಿಗೆ ಮಾತ್ರ ಲೆಕ್ಕವೇ ಬೇರೆ. ಬಿಟ್ಟಿದ್ದ ಎರಡು ದೂರದ ಹಳ್ಳಿಗಳನ್ನು ಅವರು ಮತ್ತೆ ಹಿಡಿದಿದ್ದಾರೆ. ಗಾಳಿಯಿಲ್ಲದ ಕಡೆ ಸ್ವಿಚ್ ಆರಿಸಿ ತಾವೇ ತುಳಿಯುತ್ತಾರೆ, ಕಾಲು ಸಾಗುವಷ್ಟು.

ಒಂದು ತೊಡಕು ಉಳಿದಿದೆ. ನಮ್ಮದು ಎರೆ ನೆಲ. ಮಳೆ ಬಿದ್ದ ಮೇಲೆ ಹೊಲದ ದಾರಿ ಹಿಡಿದರೆ ಹತ್ತು ಮಾರಿನಲ್ಲಿ ಮಡ್‌ಗಾರ್ಡಿನೊಳಗೆ ಕೆಸರು ಮೆತ್ತಿ ಚಕ್ರ ಹಿಡಿದುಕೊಳ್ಳುತ್ತದೆ. ಸೈಕಲ್ ನಿಂತಿದ್ದರೂ ಹಿಡಿಕೆ ತಿರುವುತ್ತಲೇ ಇದ್ದರೆ ಕರೆಂಟೆಲ್ಲ ಬಿಸಿಯಾಗಿ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಮೊದಲೆಲ್ಲ ಅಂಥ ಕಡೆ ಸೈಕಲ್ಲನ್ನೇ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು. ಈಗ ಅದಕ್ಕೆ ಏಳು ಕಿಲೊ ಭಾರ ಕೂಡಿದೆ. ಹಾಗಾಗಿ ಮುಂಗಾರಿನಲ್ಲಿ ಅವರು ಡಾಂಬರು ಬಿಟ್ಟು ಇಳಿಯುವುದಿಲ್ಲ. ಸೀಟಿನ ಕೆಳಗೊಂದು ಕಟ್ಟಿಗೆಯ ಚಕ್ಕೆ ಸಿಗಿಸಿಕೊಂಡಿರುತ್ತಾರೆ, ಕೆಸರು ಕೆರೆಯಲಿಕ್ಕೆ.