ಬಯಲುಸೀಮೆಯಿಂದ ಕೇದಾರಕ್ಕೆ

ಕೇದಾರನಾಥನ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ನಿರ್ಣಯಿಸಿ ಸಾರುವುದು ಸಂಪ್ರದಾಯ. ಆ ವಾರ್ತೆ ಬಂದೊಡನೆ ರಾಯಚೂರು, ದೇವದುರ್ಗ, ಮಾನ್ವಿಗಳ ಎಷ್ಟೋ ಮನೆಗಳಲ್ಲಿ ಯಾತ್ರೆಯ ಮಾತು ಮೊದಲಾಗುತ್ತದೆ. ಇದು ಸಹಜವೇ ಸರಿ. ಕೇದಾರದ ರಾವಲರು ಕರ್ಣಾಟಕದ ವೀರಶೈವರಲ್ಲಿಂದಲೇ ಬರುವುದು ರೂಢಿ; ಜಗನ್ನಾಥದಾಸರ ಮಾನ್ವಿಯಲ್ಲಿ ಬದರಿಯ ಹೆಸರನ್ನು ಕೇಳದ ಮಾಧ್ವರ ಮನೆಯಿಲ್ಲ. ಹೀಗಾಗಿ ಹಿಮಾಲಯವು ನಮಗೆ ದೂರವಾದರೂ ಪರಕೀಯವಲ್ಲ.

ಆದರೆ ಹಣದ ಲೆಕ್ಕವನ್ನು ಹಾಕುವಷ್ಟು ಶ್ರದ್ಧೆಯಿಂದ ಉಸಿರಿನ ಲೆಕ್ಕವನ್ನು ಹಾಕುವ ಗೃಹಸ್ಥರು ವಿರಳ. ೨೦೨೨ರ ಯಾತ್ರಾಕಾಲದಲ್ಲಿ ಉತ್ತರಾಖಂಡದ ನಾಲ್ಕು ಧಾಮಗಳ ದಾರಿಯಲ್ಲಿ ಇನ್ನೂರಕ್ಕೂ ಮಿಕ್ಕ ಯಾತ್ರಿಕರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೃದಯಸ್ತಂಭನಕ್ಕೆ ಒಳಗಾದವರೇ ಬಹಳ.

ಕಾರಣವು ಸ್ಪಷ್ಟವಾಗಿದೆ. ರಾಯಚೂರು ಸಮುದ್ರಮಟ್ಟದಿಂದ ಸುಮಾರು ೪೦೦ ಮೀಟರು ಎತ್ತರದಲ್ಲಿದೆ. ಋಷಿಕೇಶವೂ ಅದಕ್ಕಿಂತ ಎತ್ತರವಲ್ಲ; ಅಲ್ಲಿಯವರೆಗೆ ಪ್ರಯಾಣ ಮಾಡಿದರೂ ದೇಹಕ್ಕೆ ಬೆಟ್ಟದ ಪರಿಚಯವಾಗಿರುವುದಿಲ್ಲ. ಗೌರೀಕುಂಡವು ೨೦೦೦ ಮೀಟರಿಗೆ ತುಸು ಕಡಿಮೆ. ಕೇದಾರವೋ ೩,೫೮೩ ಮೀಟರು! ಕಡಲತೀರದಲ್ಲಿ ಒಂದು ಉಸಿರಿಗೆ ದೊರೆಯುವ ಪ್ರಾಣವಾಯುವಿನ ಮೂರರಲ್ಲಿ ಎರಡು ಪಾಲು ಮಾತ್ರ ಅಲ್ಲಿ ದೊರೆಯುವುದು. ಕುಮಾರಸಂಭವದ ಆರಂಭದ ಹಿಮಾಲಯವರ್ಣನೆಯನ್ನು ನಾವು ವರ್ಷಗಟ್ಟಲೆ ಪಾಠ ಹೇಳಿದವರು. ಕವಿಗೆ ಅಲ್ಲಿ ಏದುಸಿರಿನ ಚಿಂತೆ ಇರಲಿಲ್ಲ.

"ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು ನಾವು, ಕೇದಾರದ ಹದಿನಾರು ಕಿಲೋಮೀಟರು ಯಾವ ಲೆಕ್ಕ?" ಎಂದು ನಮ್ಮ ಕಡೆಯ ಹಿರಿಯರು ಕೇಳುವುದುಂಟು. ಪಾದಯಾತ್ರೆಯ ಆ ಸಾಮರ್ಥ್ಯಕ್ಕೆ ನಾವು ತಲೆಬಾಗುತ್ತೇವೆ. ಬಿಸಿಲಿನಲ್ಲಿ ನಲ್ಲಮಲೆಯ ಕಾಡನ್ನು ದಾಟುವುದು ಸಾಮಾನ್ಯವಲ್ಲ. ಆದರೆ ಶ್ರೀಶೈಲದ ಎತ್ತರವು ೫೦೦ ಮೀಟರಿನ ಆಸುಪಾಸು. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಕಾಲು. ಕೇದಾರದಲ್ಲಿ ಶ್ವಾಸಕೋಶ ಮತ್ತು ಹೃದಯ. ಗಟ್ಟಿ ಕಾಲಿನ ತರುಣನು ವೇಗವಾಗಿ ಏರಿ, ಹೋದ ರಾತ್ರಿಯೇ ತಲೆ ಹಿಡಿದುಕೊಂಡು ಮಲಗುವುದೂ, ನಿಧಾನವಾಗಿ ಏರಿದ ಮುದುಕಮ್ಮನು ಸುಖವಾಗಿ ದರ್ಶನ ಮಾಡಿ ಇಳಿಯುವುದೂ ಅಲ್ಲಿ ವಿಚಿತ್ರವಲ್ಲ.

ಆದುದರಿಂದ ದಿನಗಳನ್ನು ಉದಾರವಾಗಿ ಇಟ್ಟುಕೊಳ್ಳಬೇಕು. ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಗೌರೀಕುಂಡದ ಸಮೀಪದಲ್ಲಿ ಮತ್ತೊಂದು ರಾತ್ರಿ ತಂಗಿ, ಬೆಳಗಿನ ಜಾವದಲ್ಲಿ ಏರಲಾರಂಭಿಸುವುದು ಲೇಸು. ಮಾತನಾಡುತ್ತ ನಡೆಯಬಲ್ಲಷ್ಟೇ ವೇಗವಿರಲಿ. ತಲೆನೋವು, ಓಕರಿಕೆ, ನಿದ್ರಾನಾಶ ಕಂಡರೆ ಮುಂದೆ ಏರದೆ ನಿಲ್ಲಬೇಕು. ಕುಳಿತಲ್ಲಿಯೇ ಉಸಿರು ಸಿಕ್ಕದಿದ್ದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ, ರಾತ್ರಿಯೇ ಆಗಿರಲಿ, ಕೆಳಗೆ ಇಳಿಸುವುದೊಂದೇ ನಂಬತಕ್ಕ ಚಿಕಿತ್ಸೆ. ದರ್ಶನ ಉಳಿಯಿತಲ್ಲಾ ಎಂದು ಮನೆಯವರು ಹಟ ಹಿಡಿಯಬಾರದು. ಹೆಲಿಕಾಪ್ಟರಿನಲ್ಲಿ ಹೋದರೆ ಕಷ್ಟವಿಲ್ಲವೆಂಬುದು ಭ್ರಮೆ. ನಿಮಿಷಗಳಲ್ಲಿ ಏರಿದ ದೇಹಕ್ಕೆ ಹೊಂದಿಕೊಳ್ಳಲು ವೇಳೆಯೇ ಸಿಕ್ಕುವುದಿಲ್ಲ.

ಹೊರಡುವುದಕ್ಕೆ ಎರಡು ಮೂರು ತಿಂಗಳ ಮೊದಲೇ ಅಭ್ಯಾಸ ಬೇಕು. ರಾಯಚೂರಿನವರಿಗೆ ಕೋಟೆಯ ಬೆಟ್ಟವೇ ಗರಡಿಮನೆ. ಪ್ರಾತಃಕಾಲ ಬಿಸಿಲೇರುವ ಮೊದಲು ಹತ್ತಿ ಇಳಿಯಬಹುದು. ದೇವದುರ್ಗ, ಮಾನ್ವಿಗಳವರು ಊರ ಹೊರಗಿನ ಗುಡ್ಡವನ್ನು ಹಿಡಿಯಲಿ. ರಕ್ತದೊತ್ತಡ, ಸಕ್ಕರೆರೋಗ, ಹೃದ್ರೋಗ, ಉಬ್ಬಸ ಇರುವವರು ವೈದ್ಯರ ಅಪ್ಪಣೆಯಿಲ್ಲದೆ ಚೀಟಿ ಕೊಳ್ಳಬಾರದು.

ಕಾಲನಿರ್ಣಯವೂ ಮುಖ್ಯ. ೨೦೧೩ರ ಜೂನ್ ೧೬, ೧೭ರಂದು ಚೋರಾಬಾಡಿ ಸರೋವರವು ಒಡೆದು ಬಂದ ಪ್ರವಾಹವು ರಾಮಬಾಡಾ ಎಂಬ ತಂಗುದಾಣವನ್ನೇ ಅಳಿಸಿಹಾಕಿತು. ೨೦೨೪ರ ಜುಲೈ ೩೧ರಂದು ಮಳೆ ಸುರಿದು ದಾರಿ ಮತ್ತೆ ಕಡಿಯಿತು. ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಡುವುದೇ ಕ್ಷೇಮ. ಮೇ ತಿಂಗಳಲ್ಲಿ ಜನಸಂದಣಿ ಹೆಚ್ಚು. ನಮಗೆ ಸೆಪ್ಟೆಂಬರ್ ಕಡೆಯಿಂದ ಅಕ್ಟೋಬರ್ ನಡುವಿನ ಕಾಲವೇ ಮೆಚ್ಚುಗೆ, ಚಳಿ ತುಸು ಹೆಚ್ಚಾದರೂ ಆಕಾಶ ತಿಳಿಯಾಗಿರುತ್ತದೆ.

ಉಣ್ಣೆಯ ಬಟ್ಟೆ, ಮಳೆಯಂಗಿ, ಮೊದಲೇ ಮೆಟ್ಟಿ ಹದವಾದ ಬೂಟು ಇವು ಅವಶ್ಯ. ನೆನೆದ ಹತ್ತಿಬಟ್ಟೆ ಮೈಯ ಕಾವನ್ನು ಹೀರುತ್ತದೆ. ಬುತ್ತಿಗೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗಿಂತ ಒಳ್ಳೆಯದು ಬೇಕೆ? ವಾರಗಟ್ಟಲೆ ಕೆಡುವುದಿಲ್ಲ. ಯಾತ್ರೆಗೆ ಸರಕಾರದಲ್ಲಿ ಹೆಸರು ನೋಂದಾಯಿಸುವುದು ಕಡ್ಡಾಯ. ಅದನ್ನು ಮುಗಿಸಿಕೊಂಡು, ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಯವರೆಗೆ ಗಾಡಿ ಬದಲಿಸಬೇಕಾಗಿಲ್ಲ.