ಹನ್ನೆರಡು ಶಾಫ್ಟ್ ಸರಿ, ಹನ್ನೆರಡು ತಪ್ಪು
ಕಂಪ್ಯೂಟರ್ ಲೇತಿನಲ್ಲಿ ದೋಷ ಹುಡುಕುವ ಬಗೆ

ಕೊಯ್ಲಿಗೆ ಬಂದ ಭತ್ತದ ಎದುರು ಯಂತ್ರ ಕೆಟ್ಟು ನಿಂತರೆ ಆಗುವ ಸಂಕಟವನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲ್ಭಾಗದವರಿಗೆ ನೀರು ಮೊದಲು, ನಾಟಿ ಮೊದಲು, ಕೊಯ್ಲೂ ಮೊದಲು. ಮಾನ್ವಿ ತಾಲ್ಲೂಕಿನ ಕೊನೆಯ ಗದ್ದೆಗಳು ಹಣ್ಣಾಗುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ರೇಡಿಯೋದಲ್ಲಿ ಬರತೊಡಗುತ್ತದೆ. ಆಗ ಒಂದು ದಿನ ತಡವಾದರೂ ತೆನೆ ಮಲಗುತ್ತದೆ.

2022ರ ನವೆಂಬರ್ ಕೊನೆಯಲ್ಲಿ ಹಿರೇಕೊಟ್ನೆಕಲ್ ಸಮೀಪದ ಗದ್ದೆಯೊಂದರಲ್ಲಿ ಹಾರ್ವೆಸ್ಟರ್ ಹೀಗೆಯೇ ನಿಂತಿತು. ಬೆಲ್ಟಿನ ಗಾಲಿ ಕೂರುವ ಶಾಫ್ಟಿನ ಬೇರಿಂಗ್ ಸುಟ್ಟು ನೀಲಿಯಾಗಿತ್ತು. ಸೋಜಿಗವೆಂದರೆ ಶಾಫ್ಟೂ ಹೊಸದು, ಬೇರಿಂಗೂ ಹೊಸದು. ಹಾಕಿ ಅರ್ಧ ದಿನವೂ ಆಗಿರಲಿಲ್ಲ.

ಆ ಶಾಫ್ಟಿನ ಪೂರ್ವೋತ್ತರ ವಿಚಾರಿಸಿದಾಗ ತಿಳಿದದ್ದು ಇಷ್ಟು. ಹಾರ್ವೆಸ್ಟರ್ ಇಟ್ಟುಕೊಂಡಿರುವ ಇಬ್ಬರು ರೈತರೂ ಒಬ್ಬ ಬಿಡಿಭಾಗದ ವ್ಯಾಪಾರಿಯೂ ಕೂಡಿ, ಸುಗ್ಗಿಗೆ ಮುಂಚೆಯೇ 24 ಶಾಫ್ಟುಗಳನ್ನು ದೂರದ ಊರಿನ ಒಂದು ಕಾರ್ಖಾನೆಯಲ್ಲಿ ಮಾಡಿಸಿದ್ದರು. ಊರ ಲೇತಿನವರು ಒಂದೊಂದೇ ಮಾಡುವುದಕ್ಕಿಂತ ಅದು ಅಗ್ಗ. ಅಲ್ಲಿರುವುದು ಸಿ.ಎನ್.ಸಿ. ಲೇತು, ಅಂದರೆ ಕಂಪ್ಯೂಟರ್ ಹೇಳಿದಂತೆ ನಡೆಯುವ ಲೇತು. ಎರಡು ಪೆಟ್ಟಿಗೆಗಳಲ್ಲಿ ಹನ್ನೆರಡು ಹನ್ನೆರಡರಂತೆ ಮಾಲು ಬಂತು. ಮೊದಲ ಪೆಟ್ಟಿಗೆಯ ಶಾಫ್ಟುಗಳಿಗೆ ಬೇರಿಂಗ್ ಎಂದಿನಂತೆ ಕೂತಿತು. ಎರಡನೆಯದರಲ್ಲಿ ಕೂರಲೇ ಇಲ್ಲ. ಒಬ್ಬರು ಸುತ್ತಿಗೆಯಿಂದ ಹೊಡೆದು ಕೂರಿಸಿದರು. ಸುಟ್ಟಿದ್ದು ಅದೇ ಬೇರಿಂಗ್.

ಕಾರ್ಖಾನೆಗೆ ಫೋನ್ ಮಾಡಿದರೆ ಬಂದ ಉತ್ತರ, ‘ಸಾಫ್ಟ್‌ವೇರ್ ಪ್ರಾಬ್ಲಂ ಇರಬೇಕು, ನೋಡುತ್ತೇವೆ’ ಎಂದು. ಪ್ರೋಗ್ರಾಮನ್ನು ಅಳಿಸಿ ಮತ್ತೆ ತುಂಬಿದರಂತೆ. ಯಂತ್ರದ ಕಂಪನಿಯ ಮೆಕ್ಯಾನಿಕ್‌ನನ್ನು ಕರೆಸಿದರಂತೆ. ಎರಡು ದಿನ ಹೋಯಿತು. ಮೂರನೆಯ ದಿನ ಆ ರೈತರೊಂದಿಗೆ ಈ ಲೇಖಕನೂ ಅಲ್ಲಿಗೆ ಹೋದ. ರೈತರಲ್ಲಿ ಹಿರಿಯರು ಕೇಳಿದ ಪ್ರಶ್ನೆ ಈಗಲೂ ನೆನಪಿದೆ: ‘ಪ್ರೋಗ್ರಾಮ್ ಕೆಟ್ಟಿದ್ರ ಮೊದಲ್ನೇ ಶಾಫ್ಟಿನಿಂದನೂ ಕೆಟ್ಟಿರಬೇಕಲ್ರಿ? ಮಧ್ಯಾಹ್ನ ಊಟ ಆದ ಮ್ಯಾಲ ಹುಳಿ ಆಗಾಕ ಅದೇನ್ ಮಜ್ಜಿಗಿಯೇನ್ರಿ?’

ಅವರು ಶಾಲೆಯಲ್ಲಿ ಯಂತ್ರಶಾಸ್ತ್ರ ಓದಿದವರಲ್ಲ. ಆದರೆ ದೋಷ ಹುಡುಕುವವನು ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ತಪ್ಪಿನ ನಡತೆ

ಸಾದಾ ಲೇತಿನಲ್ಲಿ ಕೆಲಸಗಾರ ಕೈಗಾಲಿ ತಿರುಗಿಸಿ ಉಳಿಯನ್ನು ಹಿಂದೆ ಮುಂದೆ ಸರಿಸುತ್ತಾನೆ. ಸಿ.ಎನ್.ಸಿ. ಲೇತಿನಲ್ಲಿ ಆ ಕೆಲಸವನ್ನು ಮೋಟಾರುಗಳು ಮಾಡುತ್ತವೆ. ಎಷ್ಟು ಸರಿಯಬೇಕೆಂಬುದನ್ನು ಪ್ರೋಗ್ರಾಮ್ ಸಾಲುಸಾಲಾಗಿ ಹೇಳುತ್ತದೆ. ಹೇಳುವ ಮಾತು ನೂರು ಸಲವೂ ಒಂದೇ. ಆದ್ದರಿಂದ ಪ್ರೋಗ್ರಾಮಿನ ತಪ್ಪು ಮೊದಲ ತುಂಡಿನಿಂದ ಕೊನೆಯ ತುಂಡಿನವರೆಗೆ ಒಂದೇ ರೀತಿ ಇರುತ್ತದೆ. ಬರಬರುತ್ತಾ ಬೆಳೆಯುವ ತಪ್ಪು ಪ್ರೋಗ್ರಾಮಿನದಲ್ಲ. ಸವೆತದ್ದು, ಇಲ್ಲವೇ ಬಿಸಿಯದ್ದು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಂದರೆ ಎಲ್ಲೋ ಸಡಿಲವಾಗಿದೆ ಎಂದು ತಿಳಿಯಬೇಕು: ಚಕ್ಕಿನ ಹಿಡಿತ, ಉಳಿಯ ಬೋಲ್ಟು, ಅಥವಾ ಉಳಿಯನ್ನು ಸರಿಸುವ ಸ್ಕ್ರೂ. ಶಾಫ್ಟಿನ ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಬಂದರೆ ತುದಿ ಹಿಡಿಯುವ ಸೆಂಟರ್ ನೇರಕ್ಕಿಲ್ಲ, ಇಲ್ಲವೇ ಉದ್ದನೆಯ ಶಾಫ್ಟು ಉಳಿಯ ಒತ್ತಡಕ್ಕೆ ಬಾಗುತ್ತಿದೆ. ಇದ್ದಕ್ಕಿದ್ದಂತೆ ಒಂದೇ ಸಲ ಅಳತೆ ಬದಲಾದರೆ ಆ ಹೊತ್ತಿಗೆ ಏನಾಯಿತು ಎಂದು ಕೇಳಬೇಕು. ಕರೆಂಟು ಹೋಗಿ ಬಂತೇ? ಉಳಿಯ ತುದಿ ಬದಲಾಯಿಸಿದರೇ?

ನಮ್ಮ ಅದೃಷ್ಟಕ್ಕೆ ಕಾರ್ಖಾನೆಯ ಹುಡುಗ ಶಾಫ್ಟುಗಳನ್ನು ಮಾಡಿದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸಿದ್ದ. ಎಲ್ಲವನ್ನೂ ಗೋಣಿಚೀಲಕ್ಕೆ ಸುರಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೈಕ್ರೋಮೀಟರಿನಿಂದ ಒಂದೊಂದನ್ನೇ ಅಳೆದು ಹಾಳೆಯ ಮೇಲೆ ಬರೆದೆವು. ಬೇರಿಂಗ್ 6208, ಅದರ ಒಳತೂತು 40 ಮಿ.ಮೀ. ಅಂಥ ಬೇರಿಂಗ್ ಬಿಗಿಯಾಗಿ ಕೂರಲು ಶಾಫ್ಟು 40.002ರಿಂದ 40.018 ಮಿ.ಮೀ. ಒಳಗಿರಬೇಕು. ಅಂದರೆ ಸಿಕ್ಕಿದ ಸಡಿಲಿಕೆ 16 ಮೈಕ್ರಾನ್ ಮಾತ್ರ. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ. ಮೊದಲ ಶಾಫ್ಟು 40.006 ಇತ್ತು. ಹನ್ನೆರಡನೆಯದು 40.017. ಹದಿಮೂರನೆಯದು 40.019. ಅಲ್ಲಿಂದ ಏರುತ್ತಾ ಏರುತ್ತಾ ಕೊನೆಯದು 40.046.

ಹಾಳೆ ನೋಡಿದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಉಳಿಯ ತುದಿ ಸವೆಯುತ್ತಾ ಹೋಗಿದೆ. ನೇಗಿಲ ಗುಳ ಸವೆದರೆ ಸಾಲು ಆಳಕ್ಕೆ ಇಳಿಯದು. ಹಾಗೆಯೇ ಉಳಿಯ ತುದಿ ಸವೆದರೆ ಲೋಹದ ಒಳಕ್ಕೆ ಇಳಿಯುವುದು ಕಡಿಮೆಯಾಗಿ ಶಾಫ್ಟು ದಪ್ಪವಾಗುತ್ತದೆ. ತೂತು ಕೊರೆಯುವ ಕೆಲಸವಾದರೆ ಇದೇ ಕಾರಣಕ್ಕೆ ತೂತು ಕಿರಿದಾಗುತ್ತದೆ. ಹೊಡೆದು ಕೂರಿಸಿದ ಬೇರಿಂಗಿನ ಒಳಬಳೆ ದಪ್ಪ ಶಾಫ್ಟಿನ ಮೇಲೆ ಹಿಗ್ಗಿ, ಗುಂಡುಗಳಿಗೆ ತಿರುಗಲು ಎಡೆಯಿಲ್ಲದೆ ಬಿಸಿಯೇರಿ ಸುಟ್ಟಿತು.

ಆದರೆ 24 ಶಾಫ್ಟಿಗೇ ಉಳಿ ಇಷ್ಟು ಸವೆಯಬಾರದು. ಯಂತ್ರದ ಬಾಗಿಲು ತೆರೆದು ನೋಡಿದರೆ ಕೂಲಂಟ್ ನೀರು ಬೀಳುವ ನಳಿಕೆ ಉಳಿಯ ತುದಿಯ ಕಡೆಗೆ ಇರಲೇ ಇಲ್ಲ. ಕಬ್ಬಿಣದ ಸುರುಳಿ ಸಿಕ್ಕಿಕೊಂಡು ಪಕ್ಕಕ್ಕೆ ತಿರುಗಿತ್ತು. ಬಾಯಿಗೆ ಬಿಳಿಯ ಸುಣ್ಣ ಕಟ್ಟಿತ್ತು. ಅವರು ಕೂಲಂಟ್ ಎಣ್ಣೆಗೆ ಬೆರೆಸುತ್ತಿದ್ದುದು ಕೊಳವೆಬಾವಿಯ ಗಡಸು ನೀರು. ಗಡಸು ನೀರಿನಲ್ಲಿ ಆ ಎಣ್ಣೆ ಹಾಲಿನಂತೆ ಬೆರೆತು ನಿಲ್ಲುವುದಿಲ್ಲ, ಒಡೆದು ಕೆನೆಗಟ್ಟುತ್ತದೆ. ನಮ್ಮ ಸೀಮೆಯ ಬೋರಿನ ನೀರಲ್ಲಿ ಬೇಳೆ ಬೇಯಿಸುವ ತಾಯಂದಿರಿಗೆ ಈ ನೀರಿನ ಗುಣ ಚೆನ್ನಾಗಿ ಗೊತ್ತು. ಲಕ್ಷಾಂತರ ರೂಪಾಯಿಯ ಯಂತ್ರ, ಎರಡು ದಿನದ ಸಾಫ್ಟ್‌ವೇರ್ ತಪಾಸಣೆ. ತಪ್ಪು ಮಾತ್ರ ಒಂದು ಅಂಗುಲ ತಿರುಗಿದ ನಳಿಕೆಯಲ್ಲಿತ್ತು.

ಶಾಫ್ಟು ದಪ್ಪವಾಗಿದ್ದುದೂ ಒಂದು ಪುಣ್ಯ. ದಪ್ಪವಾದದ್ದನ್ನು ಗ್ರೈಂಡಿಂಗ್ ಯಂತ್ರದಲ್ಲಿ ಉಜ್ಜಿ ಅಳತೆಗೆ ತರಬಹುದು. ಸಣ್ಣಗಾಗಿದ್ದರೆ ಗುಜರಿಗೆ ಹೋಗಬೇಕಿತ್ತು. ನಾಲ್ಕನೆಯ ದಿನ ಶಾಫ್ಟುಗಳು ಊರಿಗೆ ಬಂದವು. ಅಷ್ಟರಲ್ಲಿ ಗದ್ದೆಯ ಯಜಮಾನರು ಹೊರ ರಾಜ್ಯದಿಂದ ಬಂದಿದ್ದ ಬೇರೊಂದು ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ದುಬಾರಿ ಬಾಡಿಗೆ ಕೊಟ್ಟು ಕೊಯ್ಯಿಸಿದ್ದರು.

ಪ್ರೋಗ್ರಾಮೇ ತಪ್ಪಿದ್ದರೆ

ಹಾಗೆಂದು ಪ್ರೋಗ್ರಾಮ್ ಎಂದೂ ತಪ್ಪುವುದಿಲ್ಲವೆಂದಲ್ಲ. ಐ.ಟಿ.ಐ. ಮುಗಿಸಿ ಇಂಥ ಯಂತ್ರದ ಮುಂದೆ ನಿಲ್ಲುವ ನಮ್ಮ ಹಳ್ಳಿಯ ಹುಡುಗರು ಇದನ್ನು ಗಮನಿಸಬೇಕು. ಎಲ್ಲಕ್ಕಿಂತ ಹಾಳು ಮಾಡುವುದು ಒಂದು ಚುಕ್ಕೆ. ಹಲವು ಯಂತ್ರಗಳ ಕಂಟ್ರೋಲು, ದಶಮಾಂಶ ಚುಕ್ಕೆಯಿಲ್ಲದೆ 50 ಎಂದು ಬರೆದರೆ ಅದನ್ನು 50 ಮಿ.ಮೀ. ಎಂದು ಓದದೆ 50 ಮೈಕ್ರಾನ್ ಎಂದು ಓದುತ್ತದೆ. ಉಳಿ ನೇರವಾಗಿ ಶಾಫ್ಟಿನ ಮಧ್ಯಕ್ಕೆ ನುಗ್ಗುತ್ತದೆ. ಇನ್ನೊಂದು, ಜಿ20 ಎಂದರೆ ಇಂಚು, ಜಿ21 ಎಂದರೆ ಮಿಲಿಮೀಟರ್. ಇದು ಅದಲು ಬದಲಾದರೆ ಅಳತೆ 25.4 ಪಟ್ಟು ವ್ಯತ್ಯಾಸವಾಗುತ್ತದೆ.

ಈಗ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿದರೆ ಪ್ರೋಗ್ರಾಮನ್ನು ಅದೇ ಬರೆದುಕೊಡುತ್ತದೆ. ಆದರೆ ಒಂದೊಂದು ಕಂಪನಿಯ ಯಂತ್ರಕ್ಕೂ ಮಾತಿನ ಧಾಟಿ ಬೇರೆ. ರಾಯಚೂರು ಸೀಮೆಯ ಮಾತು ಮಂಗಳೂರಿನ ಪೇಟೆಯಲ್ಲಿ ಅರ್ಧ ತಿಳಿದು ಅರ್ಧ ತಿಳಿಯದ ಹಾಗೆ, ಬೇರೆ ಯಂತ್ರಕ್ಕೆ ಬರೆಸಿದ ಪ್ರೋಗ್ರಾಮ್ ನೇರ ಸಾಲುಗಳಲ್ಲಿ ಸರಿಯಾಗಿ ನಡೆದು, ಗುಂಡಗೆ ತಿರುಗುವಲ್ಲಿ ತಪ್ಪುತ್ತದೆ ಇಲ್ಲವೇ ಕೆಂಪು ದೀಪ ಹಚ್ಚಿ ನಿಲ್ಲುತ್ತದೆ. ಈ ತರ್ಜುಮೆ ಮಾಡುವ ಭಾಗಕ್ಕೆ ಪೋಸ್ಟ್ ಪ್ರೊಸೆಸರ್ ಎಂದು ಹೆಸರು. ಯಂತ್ರಕ್ಕೆ ತಕ್ಕದ್ದನ್ನೇ ಆರಿಸಿರಬೇಕು. ಹಳೆಯ ಯಂತ್ರಗಳಿಗೆ ಕೇಬಲ್ ಮೂಲಕ ಪ್ರೋಗ್ರಾಮ್ ಕಳಿಸುವಾಗ ಮಧ್ಯೆ ಸಾಲುಗಳು ಬಿಟ್ಟುಹೋಗುವುದೂ ಉಂಟು. ಕೊನೆಯ ಸಾಲು ಬಂದಿದೆಯೇ ಎಂದು ನೋಡುವುದು ಅರ್ಧ ನಿಮಿಷದ ಕೆಲಸ. ಹೊಸ ಪ್ರೋಗ್ರಾಮನ್ನು ಮೊದಲ ಸಲ ಖಾಲಿ ಚಕ್ಕಿನಲ್ಲಿ, ಒಂದೊಂದೇ ಸಾಲಾಗಿ, ಕೆಂಪು ಗುಂಡಿಯ ಮೇಲೆ ಕೈಯಿಟ್ಟುಕೊಂಡು ನಡೆಸಬೇಕು.

ಕರೆಂಟು, ಬ್ಯಾಟರಿ, ಧೂಳು

ಪಂಪ್‌ಸೆಟ್ ನೀರೆತ್ತದಿದ್ದರೆ ನಾವು ಮೊದಲೇ ಮೋಟಾರು ಬಿಚ್ಚುತ್ತೇವೆಯೇ? ಮೂರೂ ಫೇಸ್ ಇದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಎಳೆಯುತ್ತಿದೆಯೇ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯೇ ಎಂದು ನೋಡುತ್ತೇವೆ. ಕಾರ್ಖಾನೆಯಲ್ಲೂ ಕ್ರಮ ಇದೇ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಜಿಲ್ಲೆಯಲ್ಲಿ ಅಷ್ಟು ದೊಡ್ಡ ಕೇಂದ್ರವಿದ್ದರೂ ನಮ್ಮ ಹಳ್ಳಿಗಳ ದೀಪ ಮಿಣುಕುವುದು ನಿಂತಿಲ್ಲ ಎಂಬ ಮಾತು ಹಾಗಿರಲಿ. ಓಲ್ಟೇಜ್ ಏರಿಳಿದರೆ ಸಿ.ಎನ್.ಸಿ. ಯಂತ್ರ ಮಧ್ಯದಲ್ಲೇ ಅಲಾರಂ ಕೊಟ್ಟು ನಿಲ್ಲುತ್ತದೆ. ಸ್ಟೆಬಿಲೈಜರ್ ಬೇಕು, ಅದಕ್ಕಿಂತ ಮೊದಲು ಒಳ್ಳೆಯ ಅರ್ತ್ ಬೇಕು. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಅರ್ತಿನ ಗುಂಡಿಯೂ ಒಣಗುತ್ತದೆ. ಗುಂಡಿಗೆ ನೀರು ಹಾಕಿದ ಮೇಲೆ ‘ಸಾಫ್ಟ್‌ವೇರ್ ದೋಷ’ ಮಾಯವಾದ ಕಾರ್ಖಾನೆಗಳುಂಟು.

ಕಂಟ್ರೋಲಿನ ನೆನಪನ್ನು ಕಾಯುವುದು ಒಂದು ಪುಟ್ಟ ಬ್ಯಾಟರಿ. ಅದು ಸೋಲುವ ಮೊದಲು ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಯಾರೂ ಲಕ್ಷ್ಯ ಕೊಡುವುದಿಲ್ಲ. ಹಬ್ಬದ ರಜೆ ಮುಗಿಸಿ ಬಂದು ಚಾಲೂ ಮಾಡಿದರೆ ಯಂತ್ರಕ್ಕೆ ತನ್ನ ಅಳತೆಗಳೇ ಮರೆತುಹೋಗಿರುತ್ತವೆ. ಸಾಮಾನ್ಯವಾಗಿ ಈ ಬ್ಯಾಟರಿಯನ್ನು ಯಂತ್ರದ ಕರೆಂಟು ಚಾಲೂ ಇರುವಾಗಲೇ ಬದಲಾಯಿಸಬೇಕು. ಆರಿಸಿ ತೆಗೆದರೆ ನೆನಪು ಅಳಿಸಿಹೋಗಬಹುದು. ಯಂತ್ರದ ಕೈಪಿಡಿ ನೋಡಿ, ಬಲ್ಲವರೇ ಮಾಡಬೇಕಾದ ಕೆಲಸ ಇದು. ಎಲ್ಲ ಅಳತೆಗಳ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಟ್ಟಿರಬೇಕು.

ರಾಯಚೂರಿನ ಬೇಸಿಗೆಯಲ್ಲಿ ಕಂಟ್ರೋಲಿನ ಪೆಟ್ಟಿಗೆ ಬಿಸಿಯಾಗುತ್ತದೆಂದು ಬಾಗಿಲು ತೆರೆದು ಎದುರಿಗೆ ಫ್ಯಾನ್ ಇಡುವವರಿದ್ದಾರೆ. ಆ ಫ್ಯಾನ್ ಗಾಳಿಯೊಂದಿಗೆ ಕಬ್ಬಿಣದ ಧೂಳನ್ನೂ ಒಳಗೆ ತುಂಬುತ್ತದೆ. ಕಬ್ಬಿಣದ ಧೂಳು ಕರೆಂಟು ಹರಿಸುತ್ತದೆ, ಮುಂದಿನದು ಹೇಳಬೇಕಾಗಿಲ್ಲ. ಬಾಗಿಲು ಮುಚ್ಚಿಟ್ಟು ಅದರ ಗಾಳಿಜಾಲಿಯನ್ನು ತೊಳೆಯುವುದೇ ಮದ್ದು.

ಬಿಸಿ ಅಳತೆಯನ್ನೂ ಕೆಡಿಸುತ್ತದೆ. 40 ಮಿ.ಮೀ. ಉಕ್ಕಿನ ಶಾಫ್ಟು 20 ಡಿಗ್ರಿ ಬಿಸಿಯಾದರೆ ಸುಮಾರು 10 ಮೈಕ್ರಾನ್ ಹಿಗ್ಗುತ್ತದೆ. ಆಗಲೇ ಹೇಳಿದ 16 ಮೈಕ್ರಾನಿನ ಅರ್ಧಕ್ಕಿಂತ ಹೆಚ್ಚು ಇದರಲ್ಲೇ ಹೋಯಿತು. ಈಗತಾನೇ ಇಳಿಸಿದ ಬಿಸಿ ಶಾಫ್ಟನ್ನು ಅಳೆದು ‘ದಪ್ಪವಾಯಿತು’ ಎಂದು ಉಳಿಯನ್ನು ಒಳಕ್ಕೆ ತಳ್ಳಿದರೆ, ತಣಿದ ಮೇಲೆ ಬೇರಿಂಗ್ ಸಡಿಲ.

ಕೆಲಸ ಕೊಡುವವರು ಒಯ್ಯಬೇಕಾದದ್ದು

ತಪ್ಪೆಲ್ಲ ಕಾರ್ಖಾನೆಯದೇ ಅಲ್ಲ. ಮುರಿದ ಶಾಫ್ಟನ್ನು ಮಾತ್ರ ಒಯ್ದು ‘ಇಂಥಾದ್ದೇ ಮಾಡಿ ಕೊಡ್ರಿ’ ಎಂದರೆ ಅವರು ಸವೆದ ಜಾಗವನ್ನೇ ಅಳೆದು ಅದರಂತೆ ಮಾಡಿಕೊಡುತ್ತಾರೆ. ಬೇರಿಂಗನ್ನೂ ಒಯ್ಯಬೇಕು, ಕೊನೆಗೆ ಅದರ ನಂಬರನ್ನಾದರೂ. ಸಾಮಾನ್ಯ ಬೇರಿಂಗಿನ ನಂಬರಿನ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಐದರಿಂದ ಗುಣಿಸಿ. ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಸಿಗುತ್ತದೆ. 6206 ಎಂದರೆ 30, 6208 ಎಂದರೆ 40. ಗಟ್ಟಿಯಾಗಿ ಒತ್ತಿ ಕೂರಿಸುವ 6208ಕ್ಕೂ, ಜಾರಿಸಿ ಹಾಕಿ ಸಣ್ಣ ಸ್ಕ್ರೂ ಬಿಗಿಯುವ ಯು.ಸಿ. 208ಕ್ಕೂ ತೂತು ಒಂದೇ 40. ಆದರೆ ಮೊದಲನೆಯದಕ್ಕೆ ಶಾಫ್ಟು 40ಕ್ಕಿಂತ ಕೂದಲೆಳೆ ದಪ್ಪವಿರಬೇಕು, ಎರಡನೆಯದಕ್ಕೆ ಕೂದಲೆಳೆ ಸಣ್ಣ. ಚೀಟಿಯಲ್ಲಿ ಬರೀ ‘40’ ಎಂದು ಬರೆದುಕೊಟ್ಟರೆ ಕಾರ್ಖಾನೆಯವನು ತಾನೇ ಏನು ಮಾಡಿಯಾನು?

ಹಲವು ತುಂಡು ಮಾಡಿಸುವಾಗ ಪ್ರತಿಯೊಂದರ ತುದಿಗೂ ಬಣ್ಣದಲ್ಲಿ ಕ್ರಮಸಂಖ್ಯೆ ಬರೆಯಿಸಿ. ಮಾಲು ಕೈಗೆ ಬಂದಾಗ ಮೊದಲನೆಯದು, ನಡುವಿನದು, ಕೊನೆಯದು, ಈ ಮೂರಕ್ಕೆ ಅಲ್ಲಿಯೇ ಬೇರಿಂಗ್ ಹಾಕಿ ನೋಡಿ. ಹಿರೇಕೊಟ್ನೆಕಲ್‌ನ ಆ ರೈತರು ಈಗ ಹಾಗೆಯೇ ಮಾಡುತ್ತಾರೆ.

ಈ ವಿದ್ಯೆ ಕಲಿಯಬೇಕೆನ್ನುವ ಹುಡುಗರು ದೂರ ಹೋಗಬೇಕಾಗಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ನಮ್ಮ ಜಿಲ್ಲೆಯ ಲಿಂಗಸುಗೂರಿನಲ್ಲಿದೆ. ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಅಲ್ಲಿ ಡಿಪ್ಲೊಮಾ ತರಗತಿಗಳಿವೆ. ಓದಿನ ಮೂರು ವರ್ಷದ ನಂತರ ಒಂದು ವರ್ಷ ಕಾರ್ಖಾನೆಯಲ್ಲೇ ಕೆಲಸ ಕಲಿಯಬೇಕಾಗುತ್ತದೆ.