ವೇಗದ ಕಾರಿನ ಬ್ರೇಕ್ ಕಿರುಚುವುದೇಕೆ?

ಪ್ರಶ್ನೆ: ದುಬಾರಿ ಸ್ಪೋರ್ಟ್ಸ್ ಕಾರುಗಳ ಬ್ರೇಕ್ ಮಾಮೂಲಿ ಕಾರಿಗಿಂತ ಹೆಚ್ಚು ಕಿರುಚುವುದೇಕೆ? ಅದನ್ನು ತಗ್ಗಿಸಬಹುದೇ?

ಬ್ರೇಕ್ ತುಳಿದಾಗ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳು ಅದುಮಿ ಹಿಡಿಯುತ್ತವೆ. ಈ ಹಿಡಿತ ಒಂದೇ ಸಮ ಇರುವುದಿಲ್ಲ. ಪ್ಯಾಡ್ ಒಂದು ಕ್ಷಣ ಕಚ್ಚುತ್ತದೆ, ಮರುಕ್ಷಣ ಜಾರುತ್ತದೆ. ಇದರಿಂದ ಪ್ಯಾಡ್, ಡಿಸ್ಕ್ ಎರಡೂ ಸೆಕೆಂಡಿಗೆ ಸಾವಿರಾರು ಸಲ ಅದುರುತ್ತವೆ. ಆ ಅದುರಾಟವೇ ಕಿರುಚಾಟ. ಕರಿಹಲಗೆಯ ಮೇಲೆ ಚಾಕ್‌ಪೀಸ್ ಕಿರ್ರೆನ್ನುವುದೂ ಹೀಗೆಯೇ. ಅದನ್ನು ಮುರಿದು ಗಿಡ್ಡ ಮಾಡಿದರೆ ಅದುರುವ ರೀತಿ ಬದಲಾಗಿ ಸದ್ದು ಅಡಗುತ್ತದೆ.

ವೇಗದ ಕಾರಿನ ಪ್ಯಾಡ್ 500 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಹಿಡಿತ ಬಿಡಬಾರದು. ಅದಕ್ಕಾಗಿ ಹಲವು ಪ್ಯಾಡ್‌ಗಳಲ್ಲಿ ಲೋಹದ ಅಂಶ ಹೆಚ್ಚಿರುತ್ತದೆ. ಇಂಥ ಗಡುಸು ಪ್ಯಾಡ್ ಕಂಪನವನ್ನು ಹೀರಿಕೊಳ್ಳುವುದು ಕಡಿಮೆ. ಹಾಗಾಗಿ ರೇಸ್ ಟ್ರ್ಯಾಕ್‌ನಲ್ಲಿ ಬಿಸಿಯಾಗಿದ್ದಾಗ ಸುಮ್ಮನಿರುವ ಬ್ರೇಕ್ ಊರೊಳಗೆ, ತಣ್ಣಗಿರುವಾಗ, ಮೆಲ್ಲಗೆ ಒತ್ತಿದರೆ ಕಿರುಚುತ್ತದೆ.

ತಗ್ಗಿಸುವ ದಾರಿಗಳಿವೆ. ಪ್ಯಾಡ್‌ನ ಬೆನ್ನಿಗೆ ರಬ್ಬರ್ ಪದರವಿರುವ ತೆಳು ತಗಡು, ಅಂದರೆ ಶಿಮ್ ಹಾಕಿದರೆ ಕಂಪನ ಅಲ್ಲೇ ಇಂಗುತ್ತದೆ. ಪ್ಯಾಡ್‌ನ ಚೂಪು ಅಂಚನ್ನು ಓರೆಯಾಗಿ ಉಜ್ಜಿದರೆ ಕಚ್ಚಾಟ ಕಡಿಮೆಯಾಗುತ್ತದೆ. ಪ್ಯಾಡ್‌ನ ಬೆನ್ನು, ಅದನ್ನು ಅದುಮುವ ಕ್ಯಾಲಿಪರ್‌ಗೆ ತಾಗುವ ಕಡೆ ಬ್ರೇಕ್ ಗ್ರೀಸ್ ತೆಳ್ಳಗೆ ಸವರಬೇಕು. ಡಿಸ್ಕಿಗೆ ಉಜ್ಜುವ ಮುಖಕ್ಕೆ ಮಾತ್ರ ಸೋಕಲೇಬಾರದು. ಹೊಸ ಪ್ಯಾಡ್ ಹಾಕಿದಾಗ ಖಾಲಿ ರಸ್ತೆಯಲ್ಲಿ ಹಲವು ಸಲ ವೇಗ ಇಳಿಸಿ, ನಡುವೆ ಆರಲು ಬಿಟ್ಟು ಪಳಗಿಸಿದರೆ ಡಿಸ್ಕಿನ ಮೇಲೆ ಪ್ಯಾಡ್ ವಸ್ತುವಿನ ಸಮನಾದ ಪದರ ಕೂರುತ್ತದೆ.

ಆದರೆ ಕಬ್ಬಿಣ ಕೆರೆದಂಥ ಗರಗರ ಸದ್ದು ಬಂದರೆ ಪ್ಯಾಡ್ ಸವೆದುಹೋಗಿರಬಹುದು. ಆಗ ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಿ.